ಭ್ರೂಣದ ವಂಶವಾಹಿ ಪರೀಕ್ಷೆ: ಕಾನೂನು ಒಪ್ಪಿದ್ದೆಷ್ಟು, ಶ್ರಾವಕ ಧರ್ಮ ಕೇಳುವುದೇನು

ಮಕ್ಕಳಿಲ್ಲದ ದಂಪತಿಗಳು ಐವಿಎಫ್ ಚಿಕಿತ್ಸೆಗೆ ಹೋದಾಗ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಪ್ರಶ್ನೆ ಎದುರಾಗುತ್ತಿದೆ. ಪ್ರಯೋಗಾಲಯದಲ್ಲಿ ಬೆಳೆದ ಭ್ರೂಣಗಳನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲು ವಂಶವಾಹಿ ಪರೀಕ್ಷೆ ಮಾಡಿಸುವಿರಾ? ಸಹಿ ಹಾಕಬೇಕಾದ ಕಾಗದಗಳ ಕಟ್ಟಿನಲ್ಲಿ ಇದೂ ಒಂದು ಹಾಳೆ. ವರ್ಷಗಟ್ಟಲೆ ಕಾದು, ಬಂಧುಗಳ ಮಾತು ಕೇಳಿ ಸಾಕಾಗಿ, ಸಾಲವನ್ನೋ ಉಳಿತಾಯವನ್ನೋ ಒಟ್ಟುಮಾಡಿಕೊಂಡು ಬಂದವರಿಗೆ ಆ ಹಾಳೆಯನ್ನು ನಿಧಾನವಾಗಿ ಓದುವ ವ್ಯವಧಾನ ಇರುವುದು ಕಡಿಮೆ. ವೈದ್ಯರು ಒಳ್ಳೆಯದೆಂದರೆ ಒಳ್ಳೆಯದೇ ಇರಬೇಕು ಎಂದು ಸಹಿ ಬೀಳುತ್ತದೆ.

ಆದರೆ ಅಹಿಂಸೆಯನ್ನು ಮೊದಲ ಅಣುವ್ರತವಾಗಿ ಹಿಡಿದ ಸಮಾಜಕ್ಕೆ ಈ ಹಾಳೆ ಬರಿಯ ವೈದ್ಯಕೀಯ ಕಾಗದವಲ್ಲ. ಪರೀಕ್ಷೆಯ ನಂತರ ಒಂದು ಭ್ರೂಣ ಗರ್ಭ ಸೇರುತ್ತದೆ, ಉಳಿದವು ಸೇರುವುದಿಲ್ಲ. ಸೇರದವುಗಳ ಗತಿ ಏನು, ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಸಮಾಜದ ಹಲವು ಕುಟುಂಬಗಳು ಮನೆಯೊಳಗೇ ಎದುರಿಸುತ್ತಿವೆ. ಹೊರಗೆ ಮಾತಾಡುವುದಿಲ್ಲ, ಅಷ್ಟೇ.

ಮೂರು ಪರೀಕ್ಷೆಗಳು, ಒಂದೇ ಹೆಸರು

ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಹುಟ್ಟಿತು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮಗು ಹುಟ್ಟಿತು. ಬದುಕಿದ್ದಾಗ ಅವರಿಗೆ ಮನ್ನಣೆ ಸಿಗಲಿಲ್ಲ ಎಂಬುದು ಬೇರೆಯೇ ಕಥೆ. ಭ್ರೂಣವನ್ನು ಪರೀಕ್ಷಿಸಿ ಗರ್ಭಕ್ಕೆ ಸೇರಿಸುವ ವಿಧಾನ ಬಂದದ್ದು 1990ರಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅಲನ್ ಹ್ಯಾಂಡಿಸೈಡ್ ಮತ್ತು ಸಂಗಡಿಗರಿಂದ. ಗಂಡುಮಕ್ಕಳಿಗೆ ಮಾತ್ರ ಬರುವ ತೀವ್ರ ವಂಶಪಾರಂಪರ್ಯ ರೋಗವಿದ್ದ ಕುಟುಂಬಗಳಿಗಾಗಿ ಅವರು ಅದನ್ನು ಬಳಸಿದರು. ಗುರುತಿಸಿದ್ದು ರೋಗವನ್ನಲ್ಲ, ಭ್ರೂಣದ ಲಿಂಗವನ್ನು. ಭಾರತದಲ್ಲಿ ಇದೇ ತಂತ್ರಕ್ಕೆ ಕಾನೂನಿನ ಬಿಗಿ ಏಕೆ ಬೇಕಾಯಿತು ಎಂಬುದಕ್ಕೆ ಈ ಆರಂಭವೇ ಸಾಕ್ಷಿ.

ಈಗಿನ ವಿಧಾನ ಹೀಗಿದೆ. ಅಂಡಾಣು ಮತ್ತು ವೀರ್ಯಾಣು ಸೇರಿದ ಐದನೇ ಅಥವಾ ಆರನೇ ದಿನಕ್ಕೆ ಭ್ರೂಣ ನೂರಕ್ಕೂ ಹೆಚ್ಚು ಕೋಶಗಳ ಪುಟ್ಟ ಗುಳ್ಳೆಯಂತಾಗುತ್ತದೆ. ಒಳಗಿನ ಗುಂಪು ಮುಂದೆ ಮಗುವಾಗುತ್ತದೆ, ಹೊರಗಿನ ಪದರ ಮಾಸು ಆಗುತ್ತದೆ. ಆ ಹೊರಪದರದಿಂದ ಐದರಿಂದ ಹತ್ತು ಕೋಶಗಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ; ಭ್ರೂಣವನ್ನು ದ್ರವ ಸಾರಜನಕದಲ್ಲಿ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ, ಇಡುತ್ತಾರೆ. ವರದಿ ಬಂದ ಮೇಲೆ ಯಾವುದನ್ನು ಗರ್ಭಕ್ಕೆ ಸೇರಿಸಬೇಕು ಎಂಬ ನಿರ್ಧಾರ.

ಗೊಂದಲ ಇಲ್ಲಿಂದ ಶುರು. ಆಸ್ಪತ್ರೆಗಳಲ್ಲಿ "ಪಿಜಿಟಿ" ಎಂಬ ಒಂದೇ ಹೆಸರಿನಡಿ ಬೇರೆಬೇರೆ ಪರೀಕ್ಷೆಗಳಿವೆ. ಮೊದಲನೆಯದು ಪಿಜಿಟಿ-ಎಂ: ಕುಟುಂಬದಲ್ಲಿ ಗೊತ್ತಿರುವ ಒಂದು ನಿರ್ದಿಷ್ಟ ರೋಗ, ಉದಾಹರಣೆಗೆ ಥಲಸೀಮಿಯಾ, ಭ್ರೂಣಕ್ಕೆ ಬಂದಿದೆಯೇ ಎಂದು ನೋಡುವುದು. ಎರಡನೆಯದು ಪಿಜಿಟಿ-ಎಸ್‌ಆರ್: ತಂದೆ ಅಥವಾ ತಾಯಿಯ ವರ್ಣತಂತುಗಳಲ್ಲಿ ತುಂಡುಗಳು ಅದಲುಬದಲಾಗಿ ಪದೇಪದೇ ಗರ್ಭಪಾತ ಆಗುತ್ತಿದ್ದರೆ ಮಾಡುವಂಥದ್ದು. ಮೂರನೆಯದು ಪಿಜಿಟಿ-ಎ: ರೋಗದ ಹಿನ್ನೆಲೆ ಏನೂ ಇಲ್ಲದವರಲ್ಲೂ ಭ್ರೂಣದ 46 ವರ್ಣತಂತುಗಳ ಲೆಕ್ಕ ಸರಿಯಿದೆಯೇ ಎಂದು ನೋಡುವುದು. ಮೊದಲ ಎರಡಕ್ಕೆ ಖಚಿತ ಕಾರಣವಿರುತ್ತದೆ. ಮೂರನೆಯದನ್ನು ಅನೇಕ ಕಡೆ "ಯಶಸ್ಸು ಹೆಚ್ಚಾಗುತ್ತದೆ" ಎಂಬ ಮಾತಿನೊಂದಿಗೆ ಸೇರಿಸಲಾಗುತ್ತದೆ. ಧರ್ಮದ ದೃಷ್ಟಿಯಿಂದಲೂ ಹಣದ ದೃಷ್ಟಿಯಿಂದಲೂ ಈ ವ್ಯತ್ಯಾಸ ತಿಳಿಯದೆ ಮುಂದಿನ ಚರ್ಚೆಗೆ ಅರ್ಥವಿಲ್ಲ.

ಥಲಸೀಮಿಯಾ ಇರುವ ಮನೆಯ ಕಷ್ಟ

ಪಿಜಿಟಿ-ಎಂ ಯಾರಿಗೆ ಬೇಕಾಗುತ್ತದೆ ಎಂಬುದನ್ನು ಥಲಸೀಮಿಯಾ ಮೇಜರ್ ಇರುವ ಮಗುವಿನ ಮನೆಯಲ್ಲಿ ನೋಡಬೇಕು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಬದುಕಿರುವಷ್ಟು ಕಾಲ. ಏರಿಸಿದ ರಕ್ತದಿಂದ ದೇಹದಲ್ಲಿ ಸೇರುವ ಕಬ್ಬಿಣಾಂಶ ಹೃದಯ, ಯಕೃತ್ತನ್ನು ಕೆಡಿಸದಂತೆ ದಿನವೂ ಔಷಧ. ಭಾರತದಲ್ಲಿ ಜನಸಂಖ್ಯೆಯ ಶೇ 3ರಿಂದ 4ರಷ್ಟು ಮಂದಿ ಈ ರೋಗದ ವಾಹಕರು ಎಂಬುದು ಸರ್ಕಾರವೇ ಬಳಸುವ ಅಂದಾಜು. ವರ್ಷಕ್ಕೆ ಸುಮಾರು ಹತ್ತು ಸಾವಿರ ಮಕ್ಕಳು ರೋಗದೊಂದಿಗೆ ಹುಟ್ಟುತ್ತಾರೆ. ವಾಹಕರಿಗೆ ಸ್ವತಃ ತೊಂದರೆ ಇರುವುದಿಲ್ಲ. ವಾಹಕ ಗಂಡು, ವಾಹಕ ಹೆಣ್ಣು ಮದುವೆಯಾದಾಗ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಾಧ್ಯತೆ.

ತಮ್ಮೊಳಗೇ ಸಂಬಂಧ ಬೆಳೆಸುವ ಚಿಕ್ಕ ಸಮುದಾಯಗಳಲ್ಲಿ ಕೆಲವು ರೋಗಗಳು ಉಳಿದುಕೊಳ್ಳುವುದು ವಿಜ್ಞಾನಕ್ಕೆ ಹೊಸದಲ್ಲ. ಜೈನರೂ ವೈಷ್ಣವರೂ ಇರುವ ಅಗರ್ವಾಲ್ ಸಮುದಾಯದಲ್ಲಿ ಎಂಎಲ್‌ಸಿ ಎಂಬ ಮೆದುಳಿನ ಅಪರೂಪದ ರೋಗಕ್ಕೆ ಒಂದೇ ಮೂಲದ ವಂಶವಾಹಿ ದೋಷ ಕಾರಣ ಎಂದು ವೈದ್ಯ ಸಂಶೋಧಕರು ಗುರುತಿಸಿದ್ದಾರೆ. ದಕ್ಷಿಣದಲ್ಲಿ ಸೋದರಮಾವನೊಂದಿಗೆ, ಅತ್ತೆಯ ಮಗ ಅಥವಾ ಮಾವನ ಮಗಳೊಂದಿಗೆ ಮದುವೆ ಮಾಡುವ ರೂಢಿ ಇನ್ನೂ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಸುಮಾರು ನಾಲ್ಕನೇ ಒಂದರಷ್ಟು ಮಂದಿ ರಕ್ತಸಂಬಂಧದಲ್ಲೇ ಮದುವೆಯಾದವರು. 2011ರ ಜನಗಣತಿಯಂತೆ ದೇಶದಲ್ಲಿ ಜೈನರು 44.5 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. ಅದರಲ್ಲೂ ಪಂಗಡ, ಒಳಪಂಗಡ ನೋಡಿ ಸಂಬಂಧ ಹುಡುಕುವಾಗ ವಲಯ ಎಷ್ಟು ಚಿಕ್ಕದಾಗುತ್ತದೆ ಎಂಬುದು ಮದುವೆ ಮಾಡಿಸಿದ ಹಿರಿಯರಿಗೆಲ್ಲ ಗೊತ್ತು.

ಇಂಥ ಮನೆಗೆ ಪಿಜಿಟಿ-ಎಂ ಕೊಡುವುದು ಒಂದು ದಾರಿ. ಅದಿಲ್ಲದಿದ್ದರೆ ಉಳಿಯುವುದು ಗರ್ಭ ನಿಂತ ಮೇಲೆ ಮೂರನೇ ತಿಂಗಳ ಹೊತ್ತಿಗೆ ಪರೀಕ್ಷಿಸಿ, ರೋಗವಿದ್ದರೆ ಗರ್ಭ ತೆಗೆಸುವ ದಾರಿ, ಅಥವಾ ಏನೇ ಬಂದರೂ ಸ್ವೀಕರಿಸುವ ದಾರಿ, ಅಥವಾ ದತ್ತು. ಗುಜರಾತಿನ ಒಂದು ಕುಟುಂಬ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಥಲಸೀಮಿಯಾ ಇದ್ದ ಮಗನಿಗೆ ಅಸ್ಥಿಮಜ್ಜೆ ಹೊಂದುವ ತಂಗಿಯನ್ನು ಭ್ರೂಣ ಪರೀಕ್ಷೆಯ ಮೂಲಕ ಆರಿಸಿ ಪಡೆದರು. 2018ರಲ್ಲಿ ಹುಟ್ಟಿದ ಆ ಮಗುವಿನ ಮಜ್ಜೆಯನ್ನು 2020ರಲ್ಲಿ ಅಣ್ಣನಿಗೆ ಕಸಿ ಮಾಡಲಾಯಿತು. ದೇಶದ ಮೊದಲ "ರಕ್ಷಕ ಸಹೋದರಿ" ಎಂದು ಪತ್ರಿಕೆಗಳು ಬರೆದವು. ಒಬ್ಬ ಹುಡುಗ ಬದುಕಿದ, ತಂಗಿಯೂ ಚೆನ್ನಾಗಿದ್ದಾಳೆ ಎಂದು ಸಂತೋಷಪಟ್ಟವರೂ ಇದ್ದರು. ಒಬ್ಬರ ಔಷಧಿಗೆಂದು ಇನ್ನೊಬ್ಬರನ್ನು ಹುಟ್ಟಿಸಬಹುದೇ ಎಂದು ಕೇಳಿದವರೂ ಇದ್ದರು. ಎರಡೂ ಮಾತು ಅನುಚಿತವಲ್ಲ.

ಒಂದು ಸಣ್ಣ ವಿಷಯವನ್ನು ಇಲ್ಲಿ ಹೇಳಲೇಬೇಕು. ಪರೀಕ್ಷೆಯಲ್ಲಿ "ವಾಹಕ" ಎಂದು ಬಂದ ಭ್ರೂಣ ರೋಗಿಯಲ್ಲ. ತಂದೆತಾಯಿ ಹೇಗಿದ್ದಾರೋ ಅದೂ ಹಾಗೆಯೇ ಆರೋಗ್ಯವಾಗಿ ಬದುಕುತ್ತದೆ. ಲೆಕ್ಕದಂತೆ ಅರ್ಧದಷ್ಟು ಭ್ರೂಣಗಳು ಈ ವರ್ಗಕ್ಕೇ ಸೇರುತ್ತವೆ. "ಪೂರ್ತಿ ಶುದ್ಧವಾದದ್ದೇ ಬೇಕು" ಎಂದು ಅವನ್ನೂ ಬಿಟ್ಟುಬಿಡುವುದಕ್ಕೆ ವೈದ್ಯಕೀಯ ಕಾರಣವೂ ಇಲ್ಲ, ಧಾರ್ಮಿಕ ಕಾರಣವಂತೂ ಇಲ್ಲವೇ ಇಲ್ಲ.

ಎಲ್ಲರಿಗೂ ಮಾಡುವ ಪರೀಕ್ಷೆಯಿಂದ ಲಾಭವೆಷ್ಟು

ಪಿಜಿಟಿ-ಎ ವಿಷಯ ಬೇರೆ. ತಾಯಿಯ ವಯಸ್ಸು ಹೆಚ್ಚಿದಂತೆ ಅಂಡಾಣುವಿನಲ್ಲಿ ವರ್ಣತಂತುಗಳ ಲೆಕ್ಕ ತಪ್ಪುವುದು ಹೆಚ್ಚು. 25ರ ವಯಸ್ಸಿನಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ಸುಮಾರು 1,250ರಲ್ಲಿ ಒಂದು. 40ರ ವಯಸ್ಸಿಗೆ ಅದು ನೂರರಲ್ಲಿ ಒಂದರ ಸನಿಹ. ಹೀಗಾಗಿ ಲೆಕ್ಕ ಸರಿಯಿರುವ ಭ್ರೂಣವನ್ನೇ ಸೇರಿಸಿದರೆ ಗರ್ಭ ನಿಲ್ಲುವುದು ಖಚಿತ ಎಂಬ ವಾದ ಕೇಳಲು ಸರಿಯಾಗಿಯೇ ಇದೆ.

ಆದರೆ ದೊಡ್ಡ ಅಧ್ಯಯನಗಳು ಅಷ್ಟು ಉತ್ಸಾಹ ತೋರಿಸಿಲ್ಲ. 2019ರಲ್ಲಿ ಪ್ರಕಟವಾದ, ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳ 661 ಮಹಿಳೆಯರ ಅಧ್ಯಯನದಲ್ಲಿ ಪರೀಕ್ಷೆ ಮಾಡಿಸಿದವರಲ್ಲಿ ಶೇ 50, ಮಾಡಿಸದವರಲ್ಲಿ ಶೇ 46 ಗರ್ಭ ಮುಂದುವರಿದವು; ಗಣಿತದ ದೃಷ್ಟಿಯಲ್ಲಿ ಇದು ವ್ಯತ್ಯಾಸವೇ ಅಲ್ಲ. 35 ದಾಟಿದವರ ಗುಂಪಿನಲ್ಲಿ ಸ್ವಲ್ಪ ಅನುಕೂಲ ಕಂಡಿತು. 2021ರಲ್ಲಿ ಚೀನಾದ 1,212 ಮಹಿಳೆಯರ ಅಧ್ಯಯನ ಬಂತು. ಇವರೆಲ್ಲ 37 ದಾಟದವರು, ಕನಿಷ್ಠ ಮೂರು ಒಳ್ಳೆಯ ಭ್ರೂಣ ಇದ್ದವರು. ಪರೀಕ್ಷೆ ಮಾಡಿಸಿದವರಲ್ಲಿ ಒಟ್ಟು ಶೇ 77.2ರಷ್ಟು ಮಂದಿಗೆ ಮಗುವಾಯಿತು, ಮಾಡಿಸದವರಲ್ಲಿ ಶೇ 81.8ರಷ್ಟು ಮಂದಿಗೆ. ಪರೀಕ್ಷೆಯಿಂದ ಹೊಸ ಭ್ರೂಣ ಹುಟ್ಟುವುದಿಲ್ಲ. ಇದ್ದುದರಲ್ಲಿ ಕೆಲವನ್ನು ಬದಿಗಿಡುತ್ತದೆ, ಅಷ್ಟೇ. ಬದಿಗಿಟ್ಟದ್ದರಲ್ಲಿ ಒಳ್ಳೆಯದೂ ಇದ್ದರೆ ಒಟ್ಟು ಫಲ ಕಡಿಮೆಯಾಗುವುದು ಸಹಜ. ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘವೇ 2024ರಲ್ಲಿ, ಎಲ್ಲರಿಗೂ ಈ ಪರೀಕ್ಷೆ ಮಾಡುವುದರ ಪ್ರಯೋಜನ ಸಾಬೀತಾಗಿಲ್ಲ ಎಂದು ಹೇಳಿತು.

ಬದಿಗಿಟ್ಟವುಗಳಲ್ಲಿ ಒಳ್ಳೆಯದು ಇರಬಹುದೇ? ಇರಬಹುದು. ಕೆಲವು ಭ್ರೂಣಗಳಲ್ಲಿ ಸರಿ ಕೋಶ, ತಪ್ಪು ಕೋಶ ಎರಡೂ ಬೆರೆತಿರುತ್ತವೆ. ಇದನ್ನು ಮೊಸಾಯಿಕ್ ಎನ್ನುತ್ತಾರೆ. ಪರೀಕ್ಷೆಗೆ ತೆಗೆದದ್ದು ಮಾಸು ಆಗಲಿರುವ ಹೊರಪದರದ ಐದಾರು ಕೋಶ, ಮಗುವಾಗಲಿರುವ ಒಳಗುಂಪಿನದಲ್ಲ. 2015ರಲ್ಲಿ ಇಟಲಿಯ ವೈದ್ಯರು ಬೇರೆ ಭ್ರೂಣವೇ ಇಲ್ಲದ 18 ಮಹಿಳೆಯರಿಗೆ ಮೊಸಾಯಿಕ್ ಭ್ರೂಣಗಳನ್ನೇ ಸೇರಿಸಿದಾಗ ಆರು ಆರೋಗ್ಯವಂತ ಮಕ್ಕಳು ಹುಟ್ಟಿದರು. ಅದಕ್ಕೂ ಹಿಂದೆ ಇಂಥವುಗಳನ್ನು "ಅಸಹಜ" ಎಂಬ ಒಂದೇ ಪದದಡಿ ಕೈಬಿಡಲಾಗುತ್ತಿತ್ತು. ಅಹಿಂಸೆಯ ದೃಷ್ಟಿಯಿಂದ ನೋಡಿದರೆ ಈ ಇಡೀ ವಿಷಯದಲ್ಲಿ ಅತ್ಯಂತ ಕಳವಳದ ಅಂಶ ಇದೇ.

ಕಾನೂನು

ಭಾರತದಲ್ಲಿ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021 ಎಂಬ ಕಾನೂನು 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ 25ನೇ ಕಲಮಿನಂತೆ ಭ್ರೂಣ ಪರೀಕ್ಷೆಯನ್ನು ಗೊತ್ತಿರುವ, ಮೊದಲೇ ಇರುವ, ವಂಶಪಾರಂಪರ್ಯ ಅಥವಾ ವಂಶವಾಹಿ ರೋಗಗಳನ್ನು ಕಂಡುಹಿಡಿಯಲು, ಇಲ್ಲವೇ ನೋಂದಣಿ ಪ್ರಾಧಿಕಾರ ಸೂಚಿಸಿದ ಕಾರಣಕ್ಕೆ ಮಾತ್ರ ಬಳಸಬೇಕು. ಪಿಜಿಟಿ-ಎಂ ಈ ಮಾತಿನೊಳಗೆ ನೇರವಾಗಿ ಕೂರುತ್ತದೆ. ರೋಗದ ಯಾವ ಹಿನ್ನೆಲೆಯೂ ಇಲ್ಲದ ಯುವ ದಂಪತಿಗೆ ಮಾಡುವ ಪಿಜಿಟಿ-ಎ ಅಷ್ಟು ಸಲೀಸಾಗಿ ಕೂರುವುದಿಲ್ಲ; ಆದರೂ ಅದು ನಡೆಯುತ್ತಿದೆ.

ಸಮ್ಮತಿಯ ಬಗ್ಗೆ 22ನೇ ಕಲಮು ಸ್ಪಷ್ಟವಾಗಿದೆ. ಲಿಖಿತ ಒಪ್ಪಿಗೆಯಿಲ್ಲದೆ ಯಾವ ಚಿಕಿತ್ಸೆಯೂ ಇಲ್ಲ, ಭ್ರೂಣವನ್ನು ಹೆಪ್ಪುಗಟ್ಟಿಸಿಡುವುದೂ ಇಲ್ಲ. ಭ್ರೂಣ ಗರ್ಭಕೋಶಕ್ಕೆ ಸೇರುವವರೆಗೆ ಯಾವಾಗ ಬೇಕಾದರೂ ದಂಪತಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಹಣ ಕಟ್ಟಿಯಾಗಿದೆ, ಇನ್ನು ಮಾತಾಡುವಂತಿಲ್ಲ ಎಂದು ಭಾವಿಸುವ ದಂಪತಿಗಳಿಗೆ ಈ ಹಕ್ಕು ತಿಳಿದಿರಬೇಕು. 28ನೇ ಕಲಮು ಭ್ರೂಣ ಸಂಗ್ರಹಕ್ಕೆ ಹತ್ತು ವರ್ಷದ ಮಿತಿ ಹಾಕುತ್ತದೆ. ಅವಧಿ ಮುಗಿದ ಮೇಲೆ ಅದನ್ನು ನಾಶವಾಗಲು ಬಿಡಬೇಕು, ಅಥವಾ ದಂಪತಿಯ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು. ಮೂರನೇ ದಾರಿಯನ್ನು ಆ ಕಲಮು ಹೇಳುವುದಿಲ್ಲ.

ಇನ್ನು ಲಿಂಗ. ವರ್ಣತಂತು ಎಣಿಸುವ ಪರೀಕ್ಷೆಯಲ್ಲಿ ಎಕ್ಸ್, ವೈ ಕಾಣಿಸದೇ ಇರುವುದಿಲ್ಲ. ಗಂಡೋ ಹೆಣ್ಣೋ ಎಂಬುದು ಪ್ರಯೋಗಾಲಯಕ್ಕೆ ಗೊತ್ತಾಗಿಯೇ ಆಗುತ್ತದೆ. ಕೆಲವು ದೇಶಗಳಲ್ಲಿ ಅದನ್ನು ಪೋಷಕರಿಗೆ ಹೇಳುತ್ತಾರೆ, ಆರಿಸಲೂ ಬಿಡುತ್ತಾರೆ. ಭಾರತದಲ್ಲಿ 1994ರ ಪ್ರಸವಪೂರ್ವ ಲಿಂಗಪತ್ತೆ ತಡೆ ಕಾಯ್ದೆಯನ್ನು 2003ರಲ್ಲಿ ತಿದ್ದಿ ಗರ್ಭಧಾರಣೆಗೆ ಮೊದಲಿನ ಲಿಂಗ ಆಯ್ಕೆಯನ್ನೂ ನಿಷೇಧಿಸಲಾಯಿತು. 2021ರ ಕಾಯ್ದೆ ಅದಕ್ಕೆ ಐದರಿಂದ ಹತ್ತು ವರ್ಷದ ಸೆರೆ, ಹತ್ತರಿಂದ ಇಪ್ಪತ್ತೈದು ಲಕ್ಷ ರೂಪಾಯಿ ದಂಡ, ಅಥವಾ ಎರಡನ್ನೂ ಇಟ್ಟಿದೆ.

ಜೈನ ಸಮಾಜ ಈ ಭಾಗವನ್ನು ಬೇರೆಯವರ ವಿಷಯವೆಂದು ಓದಿ ಬಿಡುವಂತಿಲ್ಲ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಜೈನರಲ್ಲಿ 889 ಹೆಣ್ಣುಮಕ್ಕಳಿದ್ದರು. 2001ರಲ್ಲಿ 870 ಇತ್ತು, ಸುಧಾರಿಸಿದೆ ನಿಜ. ಆದರೆ ದೇಶದ ಸರಾಸರಿ 919. ಮುಸ್ಲಿಮರಲ್ಲಿ 943, ಕ್ರೈಸ್ತರಲ್ಲಿ 958. ಸಾಕ್ಷರತೆ ಶೇ 94 ದಾಟಿದ, ಇರುವೆಗೂ ದಾರಿ ಬಿಟ್ಟು ನಡೆಯಬೇಕೆಂದು ಮಕ್ಕಳಿಗೆ ಹೇಳಿಕೊಡುವ ಸಮಾಜದ ಅಂಕಿ ಇದು. ಆ ಹೆಣ್ಣುಮಕ್ಕಳು ಎಲ್ಲಿ ಹೋದರು ಎಂಬ ಪ್ರಶ್ನೆಗೆ ಉತ್ತರ ಕೊಡದೆ, ಪ್ರಯೋಗಾಲಯದ ಐದು ದಿನದ ಭ್ರೂಣದ ಬಗ್ಗೆ ತತ್ತ್ವ ಹೇಳುವುದು ಸ್ವಲ್ಪ ಕಷ್ಟ.

ಶಾಸ್ತ್ರದ ಮಾತು

ಬ್ರಿಟನ್ನಿನಲ್ಲಿ 1984ರ ವಾರ್ನಾಕ್ ಸಮಿತಿ ಹದಿನಾಲ್ಕು ದಿನದ ಗೆರೆ ಎಳೆಯಿತು. ಅಲ್ಲಿಯವರೆಗೆ ಭ್ರೂಣದ ಮೇಲೆ ಸಂಶೋಧನೆ ಮಾಡಬಹುದು, ನಂತರ ಕೂಡದು. ಕ್ಯಾಥೊಲಿಕ್ ಚರ್ಚು ಮೊದಲ ಕ್ಷಣದಿಂದಲೇ ಪೂರ್ಣ ಗೌರವ ಸಲ್ಲಬೇಕೆಂದು ಐವಿಎಫ್‌ನ್ನೇ ಒಪ್ಪುವುದಿಲ್ಲ. ಯಹೂದಿ ಧರ್ಮಪಂಡಿತರಲ್ಲಿ ಬಹುಮಂದಿ ಗರ್ಭದ ಹೊರಗಿನ ಭ್ರೂಣಕ್ಕೆ ಆ ಸ್ಥಾನ ಕೊಡುವುದಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರುವರಿಯಲ್ಲಿ ಹೆಪ್ಪುಗಟ್ಟಿಸಿದ ಭ್ರೂಣವೂ ಕಾನೂನಿನಲ್ಲಿ ಮಗುವೇ ಎಂದಾಗ ಅಲ್ಲಿನ ಐವಿಎಫ್ ಕೇಂದ್ರಗಳು ಕೆಲಸ ನಿಲ್ಲಿಸಿದವು. ತಿಂಗಳೊಳಗೆ ಶಾಸನಸಭೆ ಅವುಗಳ ರಕ್ಷಣೆಗೆ ಕಾಯ್ದೆ ಮಾಡಬೇಕಾಯಿತು.

ಜೈನರಲ್ಲಿ ಎಲ್ಲರನ್ನೂ ಕಟ್ಟಿಹಾಕುವ ಒಂದು ಧರ್ಮಪೀಠವಿಲ್ಲ. ಆದರೆ ಆಗಮಗಳಲ್ಲಿ ಗರ್ಭದ ವಿಚಾರ ಅಲ್ಪವಲ್ಲ. ಶ್ವೇತಾಂಬರರ ತಂದುಲವೈಚಾರಿಕ ಪ್ರಕೀರ್ಣಕ ಗರ್ಭ ಮೊದಲ ಏಳು ದಿನ ಕಲಲ, ಮುಂದಿನ ಏಳು ದಿನ ಅರ್ಬುದ ಎಂದು ಹಂತ ಹೇಳುತ್ತದೆ. ದಿಗಂಬರರಲ್ಲಿ ಮಾನ್ಯವಾದ ಶಿವಾರ್ಯರ ಭಗವತೀ ಆರಾಧನೆಯಲ್ಲಿ ಹತ್ತು ಹತ್ತು ದಿನಗಳ ಲೆಕ್ಕವಿದೆ. ಭಗವಾನ್ ಮಹಾವೀರರ ಗರ್ಭವನ್ನು ಹರಿಣೇಗಮೇಷಿ ದೇವನು ದೇವಾನಂದೆಯಿಂದ ತ್ರಿಶಲಾದೇವಿಗೆ ಸಾಗಿಸಿದ ಕಲ್ಪಸೂತ್ರದ ಪ್ರಸಂಗವನ್ನು ಈ ಚರ್ಚೆಯಲ್ಲಿ ಕೆಲವರು ಎತ್ತುತ್ತಾರೆ. ದಿಗಂಬರ ಪರಂಪರೆ ಅದನ್ನು ಒಪ್ಪುವುದಿಲ್ಲ. ಒಪ್ಪುವವರಿಗೂ ಅದು ಒಂದು ಗರ್ಭವನ್ನು ಕಾಪಾಡಿ ಸಾಗಿಸಿದ ಕಥೆ, ಹಲವನ್ನು ಮಾಡಿ ಒಂದನ್ನು ಆರಿಸಿದ ಕಥೆಯಲ್ಲ.

ಹಂತಗಳು ಏನೇ ಇರಲಿ, ಅವು ಶರೀರದ ಹಂತಗಳು. ಜೀವ ಹಿಂದಿನ ದೇಹ ಬಿಟ್ಟು ವಿಗ್ರಹಗತಿಯಲ್ಲಿ ಬಂದು ಹೊಸ ಉತ್ಪತ್ತಿಸ್ಥಾನ ಸೇರಲು ಕೆಲವೇ ಸಮಯಗಳು ಸಾಕು. ಸೇರಿದೊಡನೆ ಆಹಾರ ಪರ್ಯಾಪ್ತಿ ಆರಂಭ. ಉಳಿದ ಪರ್ಯಾಪ್ತಿಗಳಿಗೆ ಅಂತರ್ಮುಹೂರ್ತ, ಅಂದರೆ 48 ನಿಮಿಷದೊಳಗಿನ ಕಾಲ. ಹೀಗಾಗಿ ಹದಿನಾಲ್ಕು ದಿನದವರೆಗೆ ಅದು ಬರಿಯ ಕೋಶಗಳ ಮುದ್ದೆ ಎಂಬ ಮಾತಿಗೆ ಜೈನ ಸಿದ್ಧಾಂತದಲ್ಲಿ ಆಧಾರ ಸಿಗುವುದಿಲ್ಲ. ಗರ್ಭಜ ಮನುಷ್ಯನೆಂದರೆ ಮೊದಲಿನಿಂದಲೇ ಪಂಚೇಂದ್ರಿಯ ಜೀವ.

ತೊಡಕು ಬೇರೆ ಕಡೆ ಇದೆ. ತತ್ತ್ವಾರ್ಥಸೂತ್ರ ಹೇಳುವ ಸಮ್ಮೂರ್ಛನ, ಗರ್ಭ, ಉಪಪಾದ ಎಂಬ ಮೂರು ಜನ್ಮಗಳಲ್ಲಿ ಗಾಜಿನ ತಟ್ಟೆಯಲ್ಲಿ ಆದ ಸಂಯೋಗ ಯಾವುದು? ತಾಯಿಯ ಉದರವಿಲ್ಲ, ಆದ್ದರಿಂದ ಗರ್ಭವಲ್ಲ ಎನ್ನಬಹುದು. ಆದರೆ ಸಮ್ಮೂರ್ಛಿಮ ಮನುಷ್ಯರ ಆಯುಷ್ಯ ಅಂತರ್ಮುಹೂರ್ತ ಮಾತ್ರ, ಅವು ಪರ್ಯಾಪ್ತಿ ಮುಗಿಸುವುದೇ ಇಲ್ಲ. ಈ ಭ್ರೂಣವಾದರೋ ದಿನಗಟ್ಟಲೆ ಬೆಳೆದು ಮಗುವಾಗುತ್ತದೆ. 196 ಡಿಗ್ರಿ ಕೆಳಗಿನ ಶೀತದಲ್ಲಿ ಆಹಾರವೂ ಉಸಿರೂ ಇಲ್ಲದೆ ವರ್ಷಗಟ್ಟಲೆ ಇರುವ ಭ್ರೂಣದಲ್ಲಿ ಆಯುಕರ್ಮ ಹೇಗೆ ಸವೆಯುತ್ತದೆ? ಮೊದಲ ದಿನಗಳಲ್ಲಿ ಒಂದೇ ಭ್ರೂಣ ಒಡೆದು ಅವಳಿಯಾದಾಗ ಎರಡನೇ ಜೀವ ಬಂದದ್ದು ಯಾವಾಗ? ಇವು ಹಾಸ್ಯದ ಪ್ರಶ್ನೆಗಳಲ್ಲ. ಆಗಮ ಬಲ್ಲ ತ್ಯಾಗಿಗಳೂ ಭ್ರೂಣವಿಜ್ಞಾನ ಬಲ್ಲ ವೈದ್ಯರೂ ಒಂದೇ ಜಗುಲಿಯಲ್ಲಿ ಕುಳಿತು ಬಿಡಿಸಬೇಕಾದವು.

ಹಿಂಸೆ ಯಾವುದು ಎಂಬುದಕ್ಕೆ ಉಮಾಸ್ವಾಮಿಗಳು ಕೊಟ್ಟ ಲಕ್ಷಣ ಪ್ರಮತ್ತಯೋಗವನ್ನು ಮುಂದಿಡುತ್ತದೆ: ರಾಗದ್ವೇಷದಿಂದ, ಅಜಾಗರೂಕತೆಯಿಂದ ಪ್ರಾಣಗಳನ್ನು ಬೇರ್ಪಡಿಸುವುದು. ಶ್ರಾವಕನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ತಿ ತಪ್ಪವು. ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕು. ಮಗು ಬೇಕೆಂದು ಚಿಕಿತ್ಸೆ ಪಡೆದಾಗ ಕೆಲವು ಭ್ರೂಣ ತಾವಾಗಿ ಬೆಳೆಯದೆ ಹೋಗುವುದು ಒಂದು. ಸಹಜ ಗರ್ಭಧಾರಣೆಯಲ್ಲೂ ಎಷ್ಟೋ ಹಾಗೆ ಹೋಗುತ್ತವೆ. ಬೆಳೆದು ನಿಂತ ಭ್ರೂಣವನ್ನು ತಿಳಿದೂ ಕೈಬಿಡುವುದು ಇನ್ನೊಂದು. ರೋಗದ ನರಳಾಟ ತಪ್ಪಿಸಲು ಹೊರಟವನ ಭಾವವೂ, ಗಂಡೇ ಬೇಕು, ಎತ್ತರದ್ದೇ ಬೇಕು ಎಂದವನ ಭಾವವೂ ಒಂದೇ ಅಲ್ಲ. ಬಂಧವೂ ಒಂದೇ ಆಗಲಾರದು. ಇಷ್ಟನ್ನು ಹೇಳಬಹುದು. ಅಷ್ಟಕ್ಕೇ ಮೊದಲನೆಯವನು ನಿರ್ದೋಷಿ ಎನ್ನಲು ಬರುವುದಿಲ್ಲ. ಅನೇಕಾಂತದ ಹೆಸರಿನಲ್ಲಿ ಎಲ್ಲವೂ ಸರಿ ಎಂದು ಮುಗಿಸುವ ಭಾಷಣಗಳಿಂದ ಆ ದಂಪತಿಗೆ ಉಪಕಾರವೂ ಇಲ್ಲ.

"ಎಲ್ಲವೂ ಅಸಾತಾ ವೇದನೀಯದ ಫಲ, ಬಂದದ್ದನ್ನು ಅನುಭವಿಸಬೇಕು" ಎಂದು ಚಿಕಿತ್ಸೆಯನ್ನೇ ಬೇಡವೆನ್ನುವವರಿಗೂ ಪರಂಪರೆಯ ಬೆಂಬಲ ಕಡಿಮೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನದಲ್ಲಿ ಔಷಧಕ್ಕೆ ಜಾಗವಿದೆ. ಕನ್ನಡ ನಾಡಿನ ಬಸದಿಗಳ ಶಾಸನಗಳೇ ಅದನ್ನು ಹೇಳುತ್ತವೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮಾಂಸ, ಮದ್ಯ, ಜೇನು ಬಳಸದ ವೈದ್ಯವನ್ನು ಕಲ್ಯಾಣಕಾರಕವೆಂಬ ಗ್ರಂಥವಾಗಿ ಬರೆದರು. ರೋಗವನ್ನು ಗುಣಪಡಿಸಬೇಕು, ಅದಕ್ಕಾಗಿ ಇನ್ನೊಂದು ಜೀವ ಹೋಗಬಾರದು ಎಂಬುದು ಅವರ ಪಟ್ಟು. ಭ್ರೂಣ ಪರೀಕ್ಷೆ ಈ ಪಟ್ಟಿನ ಮುಂದೆ ನಿಲ್ಲಬೇಕಾಗುತ್ತದೆ, ಏಕೆಂದರೆ ಅದು ರೋಗವಿರುವ ಭ್ರೂಣವನ್ನು ಗುಣಪಡಿಸುವುದಿಲ್ಲ. ಅದು ಚಿಕಿತ್ಸೆಯಲ್ಲ, ಆಯ್ಕೆ.

ಕಡಿಮೆ ಹಿಂಸೆಯ ದಾರಿಗಳು

ಐವಿಎಫ್ ಮಾಡಿಸಲೇಬೇಕೆಂದು ನಿರ್ಧರಿಸಿದವರು ಮೊದಲ ದಿನವೇ ಕೇಳಬಹುದಾದ ಮಾತುಗಳಿವೆ. ಸಿಕ್ಕ ಅಂಡಾಣುಗಳನ್ನೆಲ್ಲ ಒಂದೇ ಬಾರಿಗೆ ಫಲಿತಗೊಳಿಸಬೇಕಾಗಿಲ್ಲ. ಬೇಕಾದಷ್ಟನ್ನು ಫಲಿತಗೊಳಿಸಿ ಉಳಿದ ಅಂಡಾಣುಗಳನ್ನೇ ಹೆಪ್ಪುಗಟ್ಟಿಸಿಡುವ ತಂತ್ರ ಈಗ ಪಕ್ವವಾಗಿದೆ. ಫಲಿತವಾಗದ ಅಂಡಾಣು ಭ್ರೂಣವಲ್ಲ, ಆದ್ದರಿಂದ ಹತ್ತು ವರ್ಷದ ನಂತರದ ಸಂಕಟವೂ ಆ ಮಟ್ಟಿಗೆ ಇಲ್ಲ. ಇಟಲಿಯ 2004ರ ಕಾನೂನು ಒಂದು ಬಾರಿಗೆ ಮೂರಕ್ಕಿಂತ ಹೆಚ್ಚು ಭ್ರೂಣ ಮಾಡಕೂಡದು ಎಂದು ಕಡ್ಡಾಯ ಮಾಡಿತ್ತು. ಮುಂದೆ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಮಿತಿಯನ್ನು ತೆಗೆದುಹಾಕಿತು. ಭಾರತದಲ್ಲಿ ದಂಪತಿಯೇ ಇದನ್ನು ಕೇಳಿ ಪಡೆಯಬಹುದು. ಯಶಸ್ಸಿನ ಸಾಧ್ಯತೆ ಸ್ವಲ್ಪ ಇಳಿಯುತ್ತದೆ, ಖರ್ಚು ಏರಬಹುದು. ವಯಸ್ಸು 38 ದಾಟಿದವರಿಗೆ ಇದು ಸುಲಭದ ಮಾತಲ್ಲ ಎಂಬುದನ್ನೂ ಮುಚ್ಚಿಡಬಾರದು. ಯುವ ದಂಪತಿಗೆ ಪಿಜಿಟಿ-ಎ ಸಲಹೆ ಬಂದರೆ ಯಾವ ಕಾರಣಕ್ಕೆ, ಮೊಸಾಯಿಕ್ ಎಂದು ಬಂದರೆ ಏನು ಮಾಡುತ್ತೀರಿ ಎಂದು ಕೇಳುವ ಹಕ್ಕು ಅವರಿಗಿದೆ.

ಅಮೆರಿಕದಲ್ಲಿರುವ ಜೈನ ಕುಟುಂಬಗಳ ಮುಂದೆ ಇನ್ನೊಂದು ಬಾಗಿಲು ತೆರೆದಿದೆ. ಅಲ್ಲಿನ ಕೆಲವು ಕಂಪನಿಗಳು ಭ್ರೂಣದ ಇಡೀ ವಂಶವಾಹಿ ಓದಿ ಮುಂದೆ ಮಧುಮೇಹ, ಹೃದ್ರೋಗ ಬರುವ ಸಾಧ್ಯತೆಗೆ ಅಂಕ ಕೊಡುತ್ತವೆ. ಎತ್ತರ, ಬುದ್ಧಿಮತ್ತೆಯ ಅಂಕವೂ ಮಾರಾಟಕ್ಕಿದೆ. 2019ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಲೆಕ್ಕ ಹಾಕಿದಂತೆ ಹತ್ತು ಭ್ರೂಣಗಳಲ್ಲಿ ಅತಿ ಹೆಚ್ಚು ಅಂಕದ್ದನ್ನು ಆರಿಸಿದರೂ ಎತ್ತರದಲ್ಲಿ ಸರಾಸರಿಗಿಂತ ಸಿಗುವುದು ಸುಮಾರು 2.5 ಸೆಂಟಿಮೀಟರ್. ಈ ಅಂಕಗಳ ಹಿಂದಿನ ಮಾಹಿತಿ ಬಹುಪಾಲು ಯುರೋಪ್ ಮೂಲದವರದು. ಭಾರತೀಯರಿಗೆ ಅದು ಇನ್ನೂ ಅಂದಾಜಿನ ಮೇಲಿನ ಅಂದಾಜು. ಯುರೋಪಿನ ಮಾನವ ವಂಶವಾಹಿ ವಿಜ್ಞಾನಿಗಳ ಸಂಘ ಇದನ್ನು ಸಾಬೀತಾಗದ, ಅನೈತಿಕ ಪದ್ಧತಿ ಎಂದೇ ಕರೆದಿದೆ. ಎರಡೂವರೆ ಸೆಂಟಿಮೀಟರಿಗಾಗಿ ಒಂಬತ್ತು ಭ್ರೂಣ ಬಿಡುವ ವ್ಯಾಪಾರಕ್ಕೆ ಶಾಸ್ತ್ರಾರ್ಥವೇನೂ ಬೇಕಾಗಿಲ್ಲ.

ಆದರೆ ನಿಜವಾಗಿ ಹಿಂಸೆಯೇ ಇಲ್ಲದ ದಾರಿ ಇರುವುದು ಭ್ರೂಣಕ್ಕಿಂತ ಬಹಳ ಮೊದಲು, ಮದುವೆಯ ಮಾತುಕತೆಯ ಹಂತದಲ್ಲಿ. ಥಲಸೀಮಿಯಾ ವಾಹಕರೇ ಎಂದು ತಿಳಿಯಲು ಒಂದು ರಕ್ತಪರೀಕ್ಷೆ ಸಾಕು. ಐವಿಎಫ್ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಸೈಪ್ರಸ್ ದ್ವೀಪದಲ್ಲಿ ಏಳರಲ್ಲಿ ಒಬ್ಬರು ವಾಹಕರು. ಅಲ್ಲಿನ ಚರ್ಚು 1980ರ ದಶಕದಲ್ಲೇ ಮದುವೆಗೆ ಮುನ್ನ ಪರೀಕ್ಷೆಯ ಪ್ರಮಾಣಪತ್ರ ಕೇಳತೊಡಗಿತು. ಮದುವೆಯನ್ನು ತಡೆಯಲಿಲ್ಲ, ತಿಳಿದು ಮದುವೆಯಾಗಿ ಎಂದಿತು. ರೋಗದೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಶೂನ್ಯದ ಹತ್ತಿರ ಬಂತು. ಅದರಲ್ಲಿ ದೊಡ್ಡ ಪಾಲು ಗರ್ಭದಲ್ಲಿ ಪರೀಕ್ಷಿಸಿ ತೆಗೆಸಿದ್ದರಿಂದ ಆಯಿತು ಎಂಬುದನ್ನು ಅಹಿಂಸೆಯ ಚರ್ಚೆಯಲ್ಲಿ ಮರೆಯಬಾರದು.

ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳ ದೊರ್ ಯೆಶೋರಿಂ ಎಂಬ ಸಂಸ್ಥೆ ಜೈನ ಸಮಾಜಕ್ಕೆ ಇನ್ನೂ ಹತ್ತಿರದ ಉದಾಹರಣೆ. ಟೇ-ಸ್ಯಾಕ್ಸ್ ಎಂಬ ರೋಗಕ್ಕೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ರಬ್ಬಿ ಜೋಸೆಫ್ ಎಕ್‌ಸ್ಟೈನ್ 1980ರ ದಶಕದ ಆರಂಭದಲ್ಲಿ ಅದನ್ನು ಕಟ್ಟಿದರು. ಹುಡುಗ ಹುಡುಗಿಯರ ರಕ್ತ ಪರೀಕ್ಷಿಸಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡುತ್ತಾರೆ. ಫಲಿತಾಂಶವನ್ನು ಅವರಿಗೂ ಹೇಳುವುದಿಲ್ಲ. ಸಂಬಂಧ ನೋಡುವಾಗ ಎರಡು ಕಡೆಯವರೂ ಸಂಖ್ಯೆಗಳನ್ನು ತಿಳಿಸುತ್ತಾರೆ. ಇಬ್ಬರೂ ಒಂದೇ ರೋಗದ ವಾಹಕರಾಗಿದ್ದರೆ ಮಾತ್ರ ಈ ಜೋಡಿ ಬೇಡ ಎಂದು ಹೇಳಲಾಗುತ್ತದೆ. ಇನ್ನೊಬ್ಬರೊಂದಿಗೆ ಇಬ್ಬರಿಗೂ ಯಾವ ಅಡ್ಡಿಯೂ ಇಲ್ಲ.

ಹೆಸರು ಬಯಲಾಗದ ಈ ವ್ಯವಸ್ಥೆಯೇ ಅದರ ಜೀವಾಳ. ಇಲ್ಲಿ ಪರೀಕ್ಷೆಯ ಚೀಟಿ ಬೀಗರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ: ವಾಹಕನಾದ ಹುಡುಗನಿಗೆ ಹೆಣ್ಣು ಸಿಗುತ್ತದೆ, ವಾಹಕಳಾದ ಹುಡುಗಿಯ ಹೆಸರು ಊರೆಲ್ಲ ಓಡಾಡುತ್ತದೆ, ಅವಳ ತಂಗಿಯ ಸಂಬಂಧವೂ ಮುರಿಯುತ್ತದೆ. ಆದ್ದರಿಂದ ಗೋತ್ರ, ನಕ್ಷತ್ರ, ಎತ್ತರ, ಸಂಬಳ ಬರೆಸುವ ವಧು-ವರ ಸಮಾವೇಶದ ಅರ್ಜಿಗೆ ಇನ್ನೊಂದು ಕಾಲಮ್ ಸೇರಿಸಿದರೆ ಸಾಲದು. ಫಲಿತಾಂಶವನ್ನು ಸಮಾಜದ ಪದಾಧಿಕಾರಿಗಳೂ ನೋಡದಂತೆ ವೈದ್ಯಕೀಯ ಸಂಸ್ಥೆಯೊಂದರ ಬಳಿ ಇಡುವ, ಸಂಖ್ಯೆಯಿಂದ ಮಾತ್ರ ಉತ್ತರ ಕೊಡುವ, ವಾಹಕರಿಗೆ ತಜ್ಞರ ಸಲಹೆ ಸಿಗುವ ಏರ್ಪಾಡು ಬೇಕು. ಸಮಾಜದ ಟ್ರಸ್ಟುಗಳು ನಡೆಸುವ ರಕ್ತದಾನ ಶಿಬಿರಗಳಲ್ಲಿ ಸೂಜಿ, ಸೀಸೆ, ಶೀತಪೆಟ್ಟಿಗೆ ಎಲ್ಲವೂ ಈಗಾಗಲೇ ಇರುತ್ತವೆ. ಮಹಾವೀರ ಜಯಂತಿಯ ಶಿಬಿರಕ್ಕೆ ಬರುವವರಲ್ಲಿ ಬಹುಮಂದಿ ಮದುವೆಯಾಗಬೇಕಾದ ವಯಸ್ಸಿನವರೇ.